ಜಮೈಕಾಕ್ಕೆ ಹೊರಟವರಿಗೆ: ಕೈಯಲ್ಲಿ ಚಿಲ್ಲರೆ ಇರಲಿ

ನಾವು ಮಾಂಟೆಗೊ ಬೇಯಲ್ಲಿ ಇಳಿದದ್ದು 2025ರ ಫೆಬ್ರುವರಿಯಲ್ಲಿ. ಊಟ, ಕುಡಿತ, ಕಡಲು ಎಲ್ಲ ಸೇರಿಸಿ ಮಾರುವ ರೆಸಾರ್ಟ್ ಪ್ಯಾಕೇಜ್ ಬೇಡವೆಂದು ಪೇಟೆಯೊಳಗೇ ಗೆಸ್ಟ್ ಹೌಸ್ ಹಿಡಿದೆವು. ಅದೊಂದು ಸರಿಹೋಯಿತು, ಉಳಿದದ್ದರಲ್ಲಿ ಎಡವಟ್ಟೇ ಹೆಚ್ಚು.

ಬರೀ ಅಮೆರಿಕನ್ ಡಾಲರ್ ಒಯ್ದದ್ದು ಮೊದಲನೆಯದು. ಪ್ರವಾಸಿಗರ ಅಂಗಡಿಗಳಲ್ಲಿ ತೆಗೆದುಕೊಳ್ಳುತ್ತಾರೆ, ಆದರೆ ಅವರು ಹೇಳಿದ್ದೇ ರೇಟು. ಜಮೈಕನ್ ಡಾಲರಿನ 100, 500ರ ನೋಟು ಮೊದಲ ದಿನವೇ ಮಾಡಿಸಿಕೊಳ್ಳಿ. ಇನ್ನು, ಅಮೆರಿಕದ ಮೇಲೆ ವಿಮಾನ ಬದಲಿಸುವುದಾದರೆ ಅಲ್ಲಿನ ವೀಸಾ ಬೇಕೇ ಬೇಕು.

ಓಡಾಟಕ್ಕೆ ರೂಟ್ ಟ್ಯಾಕ್ಸಿ, ನಮ್ಮ ಶೇರ್ ಆಟೊ ಇದ್ದ ಹಾಗೆ. ಕೆಂಪು ನಂಬರ್ ಪ್ಲೇಟ್ ಇದ್ದರಷ್ಟೇ ಹತ್ತಿ. ಇಳಿಯುವಾಗ "ವನ್ ಸ್ಟಾಪ್, ಡ್ರೈವರ್" ಅಂದರೆ ಸಾಕು. ಒಂದು ದಿನ ಬೆಳಕು ಹರಿಯುವ ಮುಂಚೆ ಫಾಲ್ಮತ್ ಎಂಬ ಊರಿನ ಕಡೆ ಹೊರಟಾಗ ಪಕ್ಕದಲ್ಲಿ ಕೂತಿದ್ದವರು ರೆಸಾರ್ಟೊಂದರಲ್ಲಿ ರೂಮು ಚೊಕ್ಕ ಮಾಡುವವರು. ಮಡಿಲಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮ್. ಒತ್ತಿಕೊಂಡು ಐದು ಜನ ಕೂತಿದ್ದರೂ ಅದು ಸುಕ್ಕಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಒಂಬತ್ತು ವರ್ಷದ ಕೆಲಸ, ಇನ್ನೂ ಕಾಂಟ್ರ್ಯಾಕ್ಟೇ. ಡಿಸೆಂಬರ್‌ನಿಂದ ಏಪ್ರಿಲ್ ತನಕ ವಾರಕ್ಕೆ ಆರು ದಿನ, ಸೀಸನ್ ಮುಗಿದ ಮೇಲೆ ಎರಡೋ ಮೂರೋ. ಆಗ ದೇಶದ ಕನಿಷ್ಠ ಕೂಲಿ 40 ಗಂಟೆಯ ವಾರಕ್ಕೆ 15,000 ಜಮೈಕನ್ ಡಾಲರ್, ಅಂದರೆ ನೂರು ಅಮೆರಿಕನ್ ಡಾಲರಿಗೂ ಕಡಿಮೆ. ಜೂನ್‌ನಲ್ಲಿ 16,000 ಮಾಡಿದರು. ಅವರು ಗುಡಿಸುವ ರೂಮಿಗೆ ಒಂದು ರಾತ್ರಿಗೇ ಅದಕ್ಕಿಂತ ಹೆಚ್ಚು! 2024ರ ಕೊನೆಗೆ ಉತ್ತರ ಕರಾವಳಿಯ ಹಲವು ಹೋಟೆಲುಗಳ ಕೆಲಸಗಾರರು ಪ್ರತಿಭಟನೆಗೆ ಇಳಿದದ್ದೂ ಸಂಬಳ, ಕಾಂಟ್ರ್ಯಾಕ್ಟಿನ ವಿಷಯಕ್ಕೇ. ಆದ್ದರಿಂದ ಟಿಪ್ಸನ್ನು ಬಿಲ್ಲಿಗೆ ಸೇರಿಸಬೇಡಿ, ಕೈಗೇ ಕೊಡಿ. ಕೊನೆಯ ದಿನಕ್ಕೆ ಎತ್ತಿಡಲೂ ಬೇಡಿ, ದಿನಾ ಬರುವವರು ಒಬ್ಬರೇ ಆಗಿರುವುದಿಲ್ಲ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಅಲ್ಲಿನ 'ಕಾಲಲೂ' ಎಂಬ ಸೊಪ್ಪು ನಮ್ಮ ದಂಟಿನ ಸೊಪ್ಪಿನ ಬಳಗವೇ. ಗೆಸ್ಟ್ ಹೌಸಿನ ಆಂಟಿ ಈರುಳ್ಳಿ, ಟೊಮೆಟೊ, ಗುಂಡು ಮೆಣಸಿನಕಾಯಿ ಹಾಕಿ ಬಾಡಿಸಿದರೆ ಅನ್ನಕ್ಕೆ ಬೇರೇನೂ ಬೇಕಿರಲಿಲ್ಲ. 'ಐಟಲ್' ಅಂತ ಬೋರ್ಡು ಕಂಡರೆ ಒಳಗೆ ಹೋಗಿ, ಅದು ಅಲ್ಲಿನ ರಾಸ್ತಾಫಾರಿ ಎಂಬ ಧಾರ್ಮಿಕ ಪಂಗಡದವರ ಅಡುಗೆ. ಎಷ್ಟೋ ಕಡೆ ಉಪ್ಪೂ ಹಾಕುವುದಿಲ್ಲ, ಉಪ್ಪಿನಕಾಯಿ ಜೊತೆಗಿರಲಿ. ರೋಟಿ, ಗಾಂಜಾ ಎಂಬ ಮಾತುಗಳು ಅಲ್ಲೂ ಇವೆ. 1845ರಿಂದ ಹಡಗಿನಲ್ಲಿ ಬಂದ ನಮ್ಮ ದೇಶದ ಕೂಲಿಗಳ ಬಳುವಳಿ.

ಆಂಟಿಯ ಅಡುಗೆಮನೆ ಬಾಗಿಲ ಹಿಂದೆ ಎದೆಮಟ್ಟದ ನೀಲಿ ಡ್ರಮ್ಮೊಂದಿತ್ತು. ನ್ಯೂಯಾರ್ಕಿನ ತಂಗಿ ಹಡಗಿನಲ್ಲಿ ಕಳಿಸಿದ್ದು. ಅಕ್ಕಿ, ಎಣ್ಣೆ, ಸೋಪಿನ ಪುಡಿ, ತಳದಲ್ಲಿ ಮೊಮ್ಮಗನ ಶೂ. ಹೊರಗಿನಿಂದ ಇಂಥದ್ದು ಬರದ ಮನೆ ಅವರ ಬೀದಿಯಲ್ಲಿ ಎರಡೇ ಅಂತೆ.

ಕಡಲ ದಂಡೆಗೆ ಹೋಗುವ ಮುಂಚೆ ಊರವರನ್ನು ಕೇಳಿ. 1956ರ ಕಾನೂನಿನ ಪ್ರಕಾರ ಸಮುದ್ರಕ್ಕೆ ಇಳಿಯುವುದು ಅಲ್ಲಿ ಜನರ ಹಕ್ಕಲ್ಲ. ಒಳ್ಳೆಯ ಮರಳು ಎಷ್ಟೋ ಕಡೆ ಹೋಟೆಲಿನ ಬೇಲಿಯೊಳಗೆ, ಇಲ್ಲವೇ ಟಿಕೆಟ್ಟಿಗೆ.

ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. 2025ರ ಅಕ್ಟೋಬರ್ 28ರಂದು ಮೆಲಿಸಾ ದ್ವೀಪದ ಪಶ್ಚಿಮ ಭಾಗವನ್ನು ಜಜ್ಜಿಹಾಕಿತು. ಬುಕ್ ಮಾಡುವ ಮುಂಚೆ ಗೆಸ್ಟ್ ಹೌಸಿನವರಿಗೇ ನೇರ ಫೋನ್ ಮಾಡಿ, ಕರೆಂಟು, ನೀರು ವಿಚಾರಿಸಿ. ವಾರಗಟ್ಟಲೆ ಸುದ್ದಿಯಿಲ್ಲದೆ ಕೊನೆಗೊಮ್ಮೆ ಆಂಟಿಯ ಮೆಸೇಜ್ ಬಂತು: ಹಿಂದಿನ ರೂಮಿನ ತಗಡು ಹಾರಿಹೋಗಿದೆ, ಮುಂದಿನ ಎರಡು ಬಾಡಿಗೆಗಿವೆ.