ಗೇರ್ ಹಾಕಿದ ಕೂಡಲೇ ಬಂದ್ ಆಗುತ್ತಿದ್ದ ಬೋಟ್ ಎಂಜಿನ್

ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನಲ್ಲಿ ನಮ್ಮ ಕಾಕಾ ಮೀನು ಹಿಡಿಯುತ್ತಾರೆ. ಬೋಟಿಗೆ ಹಳೆಯ 8 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್ ಇದೆ. ಆಷಾಢದ ಗಾಳಿ ಜೋರಾಗಿದ್ದ ಒಂದು ಸಂಜೆ ಬಲೆ ಎತ್ತಿ ವಾಪಸ್ ಹೊರಟೆವು. ಹಗ್ಗ ಎಳೆದರೆ ಚಾಲೂ ಆಗುತ್ತದೆ, ಗೇರ್ ಹಾಕಿದರೆ ಬಂದ್. "ಮತ್ತ ಬಂದ್ ಆತು ನೋಡಪಾ" ಅಂತ ಕಾಕಾ ಎಷ್ಟು ಸಲ ಹೇಳಿದರೋ! ಹುಟ್ಟು ಹಾಕಿಕೊಂಡು ದಡ ಸೇರುವಷ್ಟರಲ್ಲಿ ಕತ್ತಲಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಹಿಂದಿನ ದಿನವಷ್ಟೇ ಮನೆ ಮುಂದೆ ನೀರಿನ ಡ್ರಮ್ಮಿನಲ್ಲಿ ಇಟ್ಟು ನಾನೇ ಐಡಲ್ (ಥ್ರಾಟಲ್ ಕೊಡದೆ ಎಂಜಿನ್ ಮೆಲ್ಲಗೆ ಓಡೋದು) ಸೆಟ್ ಮಾಡಿದ್ದೆ. ಒಂದೇ ಸಮ ಓಡಿತ್ತು. ತಪ್ಪಿದ್ದು ಅಲ್ಲೇ. ನ್ಯೂಟ್ರಲ್‌ನಲ್ಲಿ ಎಂಜಿನ್ ಮೇಲೆ ಭಾರ ಬೀಳುವುದಿಲ್ಲ. ಪ್ರೊಪೆಲ್ಲರ್ ನೀರು ತಳ್ಳಲು ಶುರು ಮಾಡಿದಾಗಲೇ ಪೆಟ್ರೋಲ್ ಸಾಲದು ಅನ್ನೋದು ಗೊತ್ತಾಗೋದು.

ಮೊದಲು ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಎಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬರುವ ಸಣ್ಣ ತೂತು, ಅಂದರೆ ಸ್ಲೋ ಜೆಟ್‌ನಲ್ಲಿ, ಹಳೆ ಪೆಟ್ರೋಲಿನ ಅಂಟು ಕೂತಿತ್ತು. ಅದಕ್ಕೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ, ಗಾಳಿ ಹೊಡೆದರೆ ಸಾಕು. ಆಮೇಲೆ ಪೆಟ್ರೋಲ್-ಗಾಳಿಯ ಹದ ಮಾಡುವ ಮಿಕ್ಸಿಂಗ್ ಸ್ಕ್ರೂವನ್ನು ಬೆರಳಿಗೆ ತಾಗುವಷ್ಟು ಮಾತ್ರ ಮೆಲ್ಲಗೆ ಮುಚ್ಚಿ (ಬಿಗಿ ಮಾಡಿದರೆ ಅದರ ಸೂಜಿಯಂಥ ತುದಿ ಹಾಳು), ಒಂದೂವರೆ ಸುತ್ತು ಬಿಚ್ಚಿದೆ. ನಮ್ಮ ಎಂಜಿನ್‌ನಲ್ಲಿ ಬಿಚ್ಚಿದಷ್ಟೂ ಪೆಟ್ರೋಲ್ ಜಾಸ್ತಿ. ಹಳೆ ಟೂ ಸ್ಟ್ರೋಕ್ ಬೈಕಿನ ಏರ್ ಸ್ಕ್ರೂ ಇದಕ್ಕೆ ಉಲ್ಟಾ, ಅದರ ಅಭ್ಯಾಸ ಇದ್ದವರು ಹುಷಾರು.

ಮರುದಿನ ಬೋಟನ್ನು ದಡದ ಮರಕ್ಕೆ ಗಟ್ಟಿಯಾಗಿ ಕಟ್ಟಿ, ಪ್ರೊಪೆಲ್ಲರ್ ಹತ್ತಿರ ಯಾರನ್ನೂ ಬಿಡದೆ, ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, ಗೇರ್ ಹಾಕಿಯೇ ಕೆಲಸ ಶುರು ಮಾಡಿದೆ. ಮಿಕ್ಸಿಂಗ್ ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸೋದು, ಸ್ವಲ್ಪ ಕಾಯೋದು, ಕಿವಿಗೊಟ್ಟು ಕೇಳೋದು. ಜಾಸ್ತಿ ಮುಚ್ಚಿದರೆ ಕಾರ್ಬೊರೇಟರ್ ಬಾಯಲ್ಲಿ ಪಟ್ ಅಂತ ಸೀನಿದ ಹಾಗೆ ಸದ್ದು ಬರುತ್ತದೆ, ಜಾಸ್ತಿ ಬಿಚ್ಚಿದರೆ ಹೊಗೆ ಬಂದು ಎಂಜಿನ್ ಭಾರವಾಗಿ ಕುಂಟುತ್ತದೆ. ಎರಡರ ನಡುವೆ, ಸ್ವಲ್ಪ ಪೆಟ್ರೋಲಿನ ಕಡೆಗೇ ವಾಲಿಸಿ ನಿಲ್ಲಿಸಿದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರೋದರಿಂದ ಹಳೆ ಎಂಜಿನ್‌ಗೆ ಆ ಕಡೆ ಇರೋದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಐಡಲ್ ಸ್ಪೀಡ್ ಸ್ಕ್ರೂ ಮುಟ್ಟಿದ್ದು ಕೊನೆಗೆ. ಥ್ರಾಟಲ್ ಒಮ್ಮೆಲೇ ಕೊಟ್ಟು ನೋಡಿದೆ, ತಡವರಿಸಿತು. ಮಿಕ್ಸಿಂಗ್ ಸ್ಕ್ರೂ ಇನ್ನಷ್ಟು ಬಿಚ್ಚಿದ ಮೇಲೆ ಸರಿಯಾಯಿತು.

ಆ ಸಂಜೆ ಬಲೆ ಪಕ್ಕ ನಿಧಾನಕ್ಕೆ ಹೋಗುವಾಗ ಒಂದು ಸಲವೂ ಬಂದ್ ಆಗಲಿಲ್ಲ. ಮನೆಗೆ ಬಂದು ಎಂಜಿನ್ ಕವರಿನ ಒಳಗೆ ಮಾರ್ಕರ್‌ನಲ್ಲಿ ಬರೆದಿಟ್ಟೆ: ಒಂದೂ ಮುಕ್ಕಾಲು ಸುತ್ತು.