ಹತ್ತು ಸಾವಿರ ರೊಕ್ಕ, ಐದು ರಸೀದಿ

ಹುಬ್ಬಳ್ಳಿಯಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದರ ಲೆಕ್ಕಪತ್ರ ನನ್ನ ಕೈಯಲ್ಲಿದೆ. ಸಣ್ಣ ಟ್ರಸ್ಟ್, ನಡೆಯೋದು ದೇಣಿಗೆ ಮೇಲೆ. 2025ರ ಮಾರ್ಚ್ ಕೊನೆಗೆ ದುರ್ಗದಬೈಲಿನಲ್ಲಿ ಅಂಗಡಿ ಇರುವ ಹಿರಿಯರೊಬ್ಬರು ಬಂದರು. ರಬ್ಬರ್ ಬ್ಯಾಂಡ್ ಹಾಕಿದ ಹತ್ತು ಸಾವಿರದ ಕಟ್ಟು ಮೇಜಿನ ಮೇಲಿಟ್ಟು, "80ಜಿ ರಸೀದಿ ಹರೀರಿ ಮೇಡಂ" ಅಂದರು. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ರಸೀದಿ ಅದು.

ಅಲ್ಲೇ ತೊಡಕು. ನಗದು 2,000 ದಾಟಿದರೆ ವಿನಾಯಿತಿ ಇಲ್ಲ. ದಾಟಿದ್ದಕ್ಕಷ್ಟೇ ಅಲ್ಲ, ಇಡೀ ಮೊತ್ತಕ್ಕೂ ಇಲ್ಲ. 2017ಕ್ಕೆ ಮೊದಲು ಮಿತಿ 10,000 ಇತ್ತು, ಅವರ ತಲೆಯಲ್ಲಿ ಅದೇ ಕೂತಿತ್ತು.

"ಹಂಗಾರ ನನಗೊಂದು, ನಮ್ಮ ಮನಿಯಾಕಿಗೊಂದು, ಮೂರು ಮಕ್ಕಳಿಗೆ ಮೂರು. ಎರಡೆರಡು ಸಾವಿರದ ಐದು ರಸೀದಿ ಬರೀರಿ, ಮುಗೀತಲ್ಲ!"

ಆಗಲ್ಲರೀ ಅಂದೆ. ಈಗ ಕಾರ್ಬನ್ ಹಾಳೆ ಇಟ್ಟು ರಸೀದಿ ಹರಿದರೆ ಸಾಲದು, ಕೊಟ್ಟವರ ಹೆಸರು, ಪ್ಯಾನ್, ನಗದೋ ಚೆಕ್ಕೋ ಎಲ್ಲವನ್ನೂ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಆನ್‌ಲೈನ್‌ನಲ್ಲಿ ತುಂಬಿ, ಆಮೇಲೆ ಅವರಿಗೆ 10ಬಿಇ ಅನ್ನುವ ದೇಣಿಗೆ ಪ್ರಮಾಣಪತ್ರ ಕೊಡಬೇಕು. ಕೊಡದೇ ಇರುವ ಮೂರು ಮಕ್ಕಳ ಹೆಸರನ್ನು ನಾನು ಹೇಗೆ ಬರೆಯಲಿ?

"ಹಂಗಾರ ಫ್ಯಾನ್ ಕೊಡಿಸ್ತೀನಿ, ಅಪ್ಪನ ಹೆಸರು ಬರಸಿ." ವಸ್ತು ಕೊಟ್ಟರೂ 80ಜಿ ಇಲ್ಲ. ಸುಮ್ನೆ ಹೇಳ್ತಿಲ್ಲ, ನಮ್ಮಲ್ಲಿ ಹೆಸರು ಬರೆಸಿದ ಫ್ಯಾನು ಜಾಸ್ತಿಯೇ ಆಗಿವೆ. ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ಅದನ್ನು ಕೇಳ್ರಿ ಅನ್ನುವವರೂ ಇದ್ದಾರೆ. ಅದು ಕಡ್ಡಾಯ ಆಗೋದು ವರ್ಷಕ್ಕೆ 5 ಕೋಟಿ ಲಾಭ ಮಾಡುವಂಥ ಕಂಪನಿಗಳಿಗೆ, ನಮ್ಮ ಶಾಲೆಯ ದಾರಿ ಅವರಿಗೆ ಗೊತ್ತೇ ಇಲ್ಲ.

ನಮಗೆ ಬೇಕಿರೋದು ಶ್ರವಣ ಸಾಧನದ ಸೆಲ್. ಆ ಹಿರಿಯರಿಗೆ ಒಂದು ತೋರಿಸಿದೆ. ಅಂಗಿ ಗುಂಡಿಯಷ್ಟಿದೆ, ಬೆನ್ನಿಗೆ ಬಣ್ಣದ ಚೀಟಿ. ಚೀಟಿ ಕಿತ್ತರೆ ಒಳಗೆ ಗಾಳಿ ಹೋಗಿ ಸೆಲ್ ಶುರುವಾಗುತ್ತದೆ, ಮತ್ತೆ ಅಂಟಿಸಿದರೂ ಪೂರ್ತಿ ನಿಲ್ಲುವುದಿಲ್ಲ. ಒಂದೆರಡು ವಾರಕ್ಕೆ ಖಾಲಿ. ಸೆಲ್ ಮುಗಿದ ದಿನ ಹುಡುಗ ಕ್ಲಾಸಿನಲ್ಲಿ ಬರೀ ಟೀಚರ್ ತುಟಿ ನೋಡುತ್ತಾ ಕೂರುತ್ತಾನೆ. ಆದರೆ ಸೆಲ್ ಮೇಲೆ ಅಪ್ಪನ ಹೆಸರು ಬರೆಸೋಕಾಗಲ್ಲ ನೋಡಿ.

ಅವರು ಅದನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹೊರಳಿಸಿದರು. ಕಟ್ಟು ಎತ್ತಿಕೊಂಡು ಹೋದರು. ಮುನಿಸಿಕೊಂಡರು ಅಂದುಕೊಂಡೆ. ಸಂಜೆ ಮೊಮ್ಮಗನ ಕೈಯಿಂದ ಫೋನ್‌ಪೇ ಮಾಡಿಸಿದರು, ಹತ್ತು ಸಾವಿರ.

ಜೂನ್‌ನಲ್ಲಿ 10ಬಿಇ ಕೊಡೋಕೆ ಅಂಗಡಿಗೇ ಹೋದೆ. ಅವರ ಆಡಿಟರ್ ಅವರನ್ನು ಹೊಸ ತೆರಿಗೆ ಪದ್ಧತಿಗೆ ಹಾಕಿದ್ದರಂತೆ, ಅದರಲ್ಲಿ 80ಜಿ ಸಿಗೋದೇ ಇಲ್ಲ. ಕಾಗದ ಮಡಚಿ ಗಲ್ಲಾದಲ್ಲಿಟ್ಟು ನಕ್ಕರು. "ಇರಲಿ ಬಿಡ್ರಿ. ಸೆಲ್ ಇನ್ನೂ ಎಷ್ಟು ದಿನಕ್ಕ ಅದಾವ?"