ಮೊದಲು ಅಂಚಿನ ಅಕ್ಷರ, ಆಮೇಲೆ ರಕ್ತ

ಹಳೆಯ ಮುದ್ರಣಚಿತ್ರಗಳಿಗೆ ವಿವರಣೆ ಬರೆಯುವ ಕೆಲಸದಲ್ಲಿ ಹೆಚ್ಚು ಎಡವುವುದು ಭೀಕರ ದೃಶ್ಯಗಳ ಮುಂದೆ. ಕಣ್ಣು ನೇರ ರಕ್ತಕ್ಕೆ ಹೋಗುತ್ತದೆ, ಕೈ ‘ಪಾಪದ ಸಂಕೇತ’ ಎಂದು ಬರೆದುಬಿಡುತ್ತದೆ.

ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಊರಿನ ಕೆತ್ತನೆಗಾರ ಹೆಂಡ್ರಿಕ್ ಗೋಲ್ಟ್ಸಿಯಸ್ 1588ರಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿದ ಚಿತ್ರವನ್ನೇ ನೋಡಿ. ಡ್ರ್ಯಾಗನ್ ಒಬ್ಬನ ಮುಖಕ್ಕೇ ಬಾಯಿ ಹಾಕಿದೆ. ಉಗುರುಗಳು ಮಾಂಸದಲ್ಲಿ ನಾಟಿವೆ. ಮುಂದೆ ಕಡಿದ ತಲೆ, ಮೂಳೆ. ಇಷ್ಟನ್ನು ಬಿಟ್ಟು ಮೊದಲು ಹಾಳೆಯ ಮೇಲಿರುವ ಲ್ಯಾಟಿನ್ ಬರಹಕ್ಕೆ ಬನ್ನಿ. ‘ಇನ್ವೆಂಟ್’ ಎಂದರೆ ಚಿತ್ರ ಕಲ್ಪಿಸಿದವನು, ‘ಸ್ಕಲ್ಪ್ಟ್’ ಎಂದರೆ ಕೆತ್ತಿದವನು. ಬೇರೆ ಹಾಳೆಗಳಲ್ಲಿ ಸಿಗುವ ‘ಎಕ್ಸ್‌ಕುಡಿಟ್’ ಪ್ರಕಾಶಕನ ಗುರುತು. ಇಲ್ಲಿ ಕಲ್ಪನೆ ಚಿತ್ರಕಾರ ಕಾರ್ನೆಲಿಸ್ ಕಾರ್ನೆಲಿಸ್ಜೋನ್‌ನದು, ಇದೇ ದೃಶ್ಯದ ಅವನ ವರ್ಣಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ‘ಕಲೆಯ ಈ ಮೊದಲ ಫಲ’ವನ್ನು ಇಬ್ಬರೂ ಸೇರಿ ಯಾಕೋಬ್ ರಾವರ್ಟ್ ಎಂಬ ಕಲಾಪ್ರೇಮಿಗೆ ಸ್ನೇಹದಿಂದ ಅರ್ಪಿಸುತ್ತೇವೆ ಎಂದಿದೆ ಬರಹ. ಎದೆ ನಡುಗಿಸುವ ಈ ಹಾಳೆ ಗೆಳೆಯನಿಗೆ ಕೊಟ್ಟ ಕಾಣಿಕೆ! ಅದು ತಿಳಿದ ಮೇಲೆ ‘ಕಲಾವಿದನ ವಿಕೃತ ಮನಸ್ಸು’ ಎಂದು ಬರೆಯಲು ಲೇಖನಿ ಏಳುವುದಿಲ್ಲ.

ಎರಡನೆಯದು ಹಿನ್ನೆಲೆ. ದೂರದಲ್ಲಿ ಪುಟ್ಟದಾಗಿ ಒಬ್ಬ ಡ್ರ್ಯಾಗನ್ನಿಗೆ ಈಟಿ ಚುಚ್ಚುತ್ತಿದ್ದಾನೆ. ಡ್ರ್ಯಾಗನ್‌ಗಳು ಎರಡು ಎಂದುಕೊಂಡರೆ ಕಥೆಯೇ ತಪ್ಪುತ್ತದೆ. ಅದು ಅದೇ ಡ್ರ್ಯಾಗನ್, ಸ್ವಲ್ಪ ಹೊತ್ತಿನ ನಂತರ. ಕೊಲ್ಲುತ್ತಿರುವವನು ಗ್ರೀಕ್ ಪುರಾಣದ ವೀರ ಕ್ಯಾಡ್ಮಸ್, ಮುಂದೆ ಸಾಯುತ್ತಿರುವವರು ಅವನ ಸಂಗಡಿಗರು. ಅದರ ಹಲ್ಲುಗಳನ್ನೇ ಬಿತ್ತಿ, ಹುಟ್ಟಿದ ಯೋಧರಲ್ಲಿ ಉಳಿದ 5 ಜನರ ಜೊತೆ ಥೀಬ್ಸ್ ನಗರ ಕಟ್ಟುತ್ತಾನೆ.

ಈಗ ಈ ಕಥೆ ಹೇಳುವ ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸಿಸ್’ ಕಾವ್ಯದ ಮೂರನೇ ಕಾಂಡ ಪಕ್ಕಕ್ಕಿಟ್ಟುಕೊಂಡು ಹೋಲಿಸಿ. ಕಾವ್ಯದಲ್ಲಿರುವುದು 3 ನಾಲಿಗೆ, 3 ಸಾಲು ಹಲ್ಲಿನ ಸರ್ಪ. ಕೆಲವರನ್ನು ಕಚ್ಚಿ, ಕೆಲವರನ್ನು ಸುತ್ತಿ ಹಿಸುಕಿ, ಕೆಲವರನ್ನು ವಿಷದ ಉಸಿರಿನಿಂದ ಕೊಲ್ಲುತ್ತದೆ. ಕಾಲು, ಉಗುರು ಚಿತ್ರಕಾರನ ಸೇರ್ಪಡೆ. ಹೀಗೆ ಕಾವ್ಯದಿಂದ ಬೇರೆಯಾದದ್ದನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಬೇಕು. ವ್ಯಾಖ್ಯಾನಕ್ಕೆ ನಿಜವಾದ ಸರಕು ಅಲ್ಲೇ ಇರುವುದು.

10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಗೆರೆಗಳನ್ನೂ ನೋಡಿ. ಗೋಲ್ಟ್ಸಿಯಸ್‌ನ ಗೆರೆ ಸ್ನಾಯುವಿನ ಉಬ್ಬಿಗೆ ತಕ್ಕಂತೆ ದಪ್ಪವಾಗಿ, ಮತ್ತೆ ಕೂದಲಿನಷ್ಟು ತೆಳ್ಳಗಾಗುತ್ತದೆ. ತಗಡು ಸವೆದಂತೆ ಮೊದಲು ಅಳಿಯುವುದು ಈ ತೆಳು ತುದಿಗಳು. ಆಗ ನೆರಳು ಬೂದುಬಣ್ಣಕ್ಕಿಳಿದು ಮೈಯ ಭಾರವೇ ಮಾಯವಾಗುತ್ತದೆ. ಅಂಥ ಪ್ರತಿ ನೋಡಿ ‘ಸೌಮ್ಯ ಭಾವ’ ಎಂದು ಬರೆದರೆ ಅದು ಸವೆತದ ವರ್ಣನೆ. ಮುದ್ರಣದಲ್ಲಿ ಎಡಬಲ ಅದಲುಬದಲಾಗುವುದರಿಂದ, ಎಡಗೈಯಲ್ಲಿ ಕತ್ತಿ ಕಂಡ ಕೂಡಲೇ ಗೂಢಾರ್ಥ ಹುಡುಕಬೇಡಿ.

ಎಲ್ಲ ಚಿತ್ರಕ್ಕೂ ಕಥೆ ಸಿಗುವುದಿಲ್ಲ. ಜರ್ಮನ್ ಕಲಾವಿದ ಡ್ಯೂರರ್ ಸುಮಾರು 1498ರಲ್ಲಿ ಕೆತ್ತಿದ ಹಾಳೆಯಲ್ಲಿ, ಗಡ್ಡದ ಜಲಜೀವಿಯೊಂದು ಬೆತ್ತಲೆ ಹೆಂಗಸನ್ನು ಒಯ್ಯುತ್ತಿದೆ. ದಡದಲ್ಲಿ ಒಬ್ಬ ಕೈಯೆತ್ತಿ ಓಡುತ್ತಿದ್ದಾನೆ. ಅವಳು ಮಾತ್ರ ಒರಗಿ ಕುಳಿತಂತಿದ್ದಾಳೆ. ಪುರಾಣದ ಹಲವು ಹೆಸರು ಹಚ್ಚಿ ನೋಡಿದ್ದಾರೆ, ಯಾವುದೂ ಪೂರ್ತಿ ಒಪ್ಪುವುದಿಲ್ಲ. ನೆದರ್‌ಲ್ಯಾಂಡ್ಸ್ ಪ್ರವಾಸದ ದಿನಚರಿಯಲ್ಲಿ ಡ್ಯೂರರ್ ಅದನ್ನು ಕರೆದದ್ದು ‘ಮೇರ್‌ವುಂಡರ್’, ಕಡಲ ಅದ್ಭುತ, ಎಂದಷ್ಟೇ. ಚಿತ್ರದ ಪಕ್ಕದ ವಿವರಣೆ ಫಲಕದ ಮೇಲೂ ಆ ಹೆಸರೇ ಇರಲಿ. ಕೆಳಗಿನ ಸಾಲುಗಳಲ್ಲಿ ಓಡುವವನ ಗಾಬರಿಯನ್ನೂ ಅವಳ ನಿರಾಳವನ್ನೂ ಅಕ್ಕಪಕ್ಕ ಇಟ್ಟರೆ ಸಾಕು.